ಅಂಟಣ್ಣನ ಕ್ಯಾನು

ಎಲ್ಲಾ ಶುರುವಾದದ್ದು ಕಾಲುಚೀಲದಿಂದ. ಸಂಜೆ ಕೆಲಸ ಮುಗಿಸಿ ಬಂದ ಗಂಡ ಕಾಲುಚೀಲ ಕಳಚಿದಾಗ ಅದರ ರಬ್ಬರಿನ ಗುರುತು ಕಣಕಾಲಿನ ಸುತ್ತ ಬಳೆ ತೊಡಿಸಿದ ಹಾಗೆ ಉಳಿದಿದ್ದನ್ನು ಹೆಂಡತಿ ನೋಡಿದಳು. ಬೆರಳಿನಿಂದ ಒತ್ತಿ ನೋಡಿದಳು. ಕುಳಿ ಬಿತ್ತು. ಬಿದ್ದ ಕುಳಿ ಏಳುವ ಲಕ್ಷಣ ಕಾಣಲಿಲ್ಲ. ಮರುದಿನವೇ ಅವನನ್ನು ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಎದುರು ಕೂರಿಸಿದಳು.

ಗಂಡನ ಕೆಲಸ ಬುಕ್ ಬೈಂಡಿಂಗ್ ಕಾರ್ಖಾನೆಯಲ್ಲಿ ನೋಟ್ ಪುಸ್ತಕಗಳ ಬೆನ್ನಿಗೆ ಅಂಟು ಬಳಿಯುವುದು. ಹಾಗಾಗಿ ಅಲ್ಲಿ ಎಲ್ಲರಿಗೂ ಅವನು ಅಂಟಣ್ಣ. ಎರಡು ವರ್ಷದ ಹಿಂದೆಯೇ ಅವನಿಗೆ ಬಿಪಿ ಇರುವುದು ಗೊತ್ತಾಗಿ ಮಾತ್ರೆ ಬರೆದುಕೊಟ್ಟಿದ್ದರು. ಒಂದು ತಿಂಗಳು ನುಂಗಿದ. ತಲೆ ನೋಯಲಿಲ್ಲ, ತಲೆ ಸುತ್ತಲಿಲ್ಲ, ಯಾರ ಮೇಲೂ ಕೂಗಾಡಲಿಲ್ಲ. ಬಿಪಿ ಇದ್ದವರು ಕೂಗಾಡುತ್ತಾರೆ ಎನ್ನುವುದೇ ಬಿಪಿಯ ಬಗ್ಗೆ ಅವನಿಗಿದ್ದ ಸಕಲ ಜ್ಞಾನ. ತಾನು ಕೂಗಾಡುತ್ತಿಲ್ಲವಾದ್ದರಿಂದ ಬಿಪಿ ಬಿಟ್ಟುಹೋಗಿದೆ ಎಂದು ತಾನೇ ತೀರ್ಪು ಕೊಟ್ಟುಕೊಂಡು ಮಾತ್ರೆ ನಿಲ್ಲಿಸಿದ. ಆದರೆ ದಿನವಿಡೀ ಬಗ್ಗಿ ಬಗ್ಗಿ ಹಿಡಿದುಕೊಂಡ ಸೊಂಟಕ್ಕೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ಕಡಲೆಕಾಯಿಯ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬೇಕಾದ್ದನ್ನು ಬಿಟ್ಟು ಬೇಡದ್ದನ್ನು ನುಂಗುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಅಂಕಿ ನೋಡಿ ಹುಬ್ಬೇರಿಸಿದರು. ಮೂತ್ರದಲ್ಲಿ ನೊರೆ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಸೋಪಿನ ನೀರಿನ ಹಾಗೆ ಎಂದು ಅಂಟಣ್ಣ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

"ಕಿಡ್ನಿ ಅಂದ್ರೆ ಜರಡಿ ಇದ್ದ ಹಾಗೆ. ಬಿಪಿ ಜಾಸ್ತಿ ಇದ್ರೆ ಆ ಜರಡಿ ಹಾಳಾಗುತ್ತೆ. ಒಳಗೆ ಉಳೀಬೇಕಾದ ಪ್ರೋಟೀನು ಹೊರಗೆ ಸೋರುತ್ತೆ. ಇದೆಲ್ಲ ಸದ್ದಿಲ್ಲದೆ ಆಗೋದು, ನೋವೂ ಇರಲ್ಲ. ನಿಮ್ಮದು ಎಷ್ಟು ಸೋರ್ತಿದೆ ಅಂತ ಮೊದಲು ನೋಡ್ಬೇಕು."

ಸೋರಿಕೆ ಕಡಿಮೆ ಇದ್ದರೆ ಮಾತ್ರೆಯಲ್ಲೇ ಹಿಡಿದು ನಿಲ್ಲಿಸಬಹುದು, ಜಾಸ್ತಿ ಇದ್ದರೆ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತದೆ ಎಂದರು. ನೋವಿನ ಮಾತ್ರೆ ಇಂದಿನಿಂದ ಬಂದ್. ಉಪ್ಪು ಕಡಿಮೆ. ಬಿಪಿ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ. ಇಷ್ಟು ಹೇಳಿ ಮೇಜಿನ ಕೆಳಗಿನಿಂದ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು ತೆಗೆದು ಮುಂದಿಟ್ಟರು. ಅದರ ಮೈಮೇಲೆ ಒಂದರಿಂದ ಐದು ಲೀಟರಿನವರೆಗೆ ಗೆರೆಗಳಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಹೋಗುವುದನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನದೂ ಸೇರಿ ಒಂದು ದಿನದ ಮೂತ್ರವೆಲ್ಲ ಇದರೊಳಗೇ ಬೀಳಬೇಕು, ಒಂದು ತೊಟ್ಟೂ ಹೊರಗೆ ಹೋಗಬಾರದು ಎಂದರು.

ಭಾನುವಾರ ರಜೆ ಇದೆ, ಆವತ್ತು ಮನೆಯಲ್ಲೇ ಮಾಡಿದರಾಗದೇ ಎಂದು ಅಂಟಣ್ಣ ಗೋಗರೆದ. ಹೆಂಡತಿ ಒಪ್ಪಲಿಲ್ಲ. ಮನೆ ಬಾಗಿಲ ಬೀಗ ತೆಗೆಯುವಾಗ ಅವಳು ಮಾತು ತೆಗೆದಳು.

"ನಿಮ್ಮ ಕಿಡ್ನಿ ಹೋದ್ರೆ ಎಲ್ಲರೂ ನನ್ನ ಮುಖಾನೇ ನೋಡ್ತಾರೆ. ಈಗಲೇ ಹೇಳ್ತೀನಿ, ನಂದು ನಂಗೆ ಬೇಕು. ನಿಮ್ಮದು ನೀವು ನೋಡ್ಕೊಳ್ಳಿ."

ಹೇಳುವಾಗ ಅವಳ ದನಿ ನಡುಗಿತು. ಅಂಟಣ್ಣನಿಗೆ ಹೆದರಿಕೆಯಾದದ್ದು ಆಗಲೇ.

ಮರುದಿನ ಬೆಳಿಗ್ಗೆ ಎದ್ದ ಕೂಡಲಿನದನ್ನು ಬಿಟ್ಟು, ಹೊರಡುವ ಮುಂಚೆ ಕ್ಯಾನಿಗೆ ಮೊದಲ ಕಂತು ಹಾಕಿ, ಅದನ್ನು ಬಟ್ಟೆಯ ಚೀಲದಲ್ಲಿ ಮುಚ್ಚಿಕೊಂಡು ಅವನು ಹೊರಬಿದ್ದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಬಳಿಯೇ ನಿಂತಿದ್ದರು. ಬೀದಿಯಲ್ಲಿ ಹೋಗುವ ಪ್ರತಿ ಚೀಲದೊಳಗೂ ಇಣುಕದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಕ್ಯಾನಿನ ಮೂತಿ ಕಂಡದ್ದೇ ಏನದು ಎಂದರು. ಅಂಟಣ್ಣನ ಬಾಯಿಗೆ ಬಂದದ್ದು ಒಂದೇ ಮಾತು: ಎಣ್ಣೆ ತರೋದಕ್ಕೆ. ಎಲ್ಲಿಂದ, ಎಂಥ ಎಣ್ಣೆ, ಗಾಣದ್ದೇ ಎಂದು ಮೇಷ್ಟ್ರು ಬೆನ್ನು ಹತ್ತಿದರು. ಹೌದು, ಪರಿಚಯದವರ ಗಾಣ ಎಂದ. ಹಾಗಾದರೆ ಬರುವಾಗ ತಮಗೂ ಒಂದು ಬಾಟಲಿ ಕೊಡಬೇಕು ಎಂದು ಮೇಷ್ಟ್ರು ಅಪ್ಪಣೆ ಮಾಡಿಯೇ ದಾರಿ ಬಿಟ್ಟರು.

ಬೈಂಡಿಂಗ್ ಕಾರ್ಖಾನೆ ಒಂದು ಉದ್ದನೆಯ ಹಾಲು. ಕಿಟಕಿ ಪಕ್ಕ ಹೊಲಿಗೆಯಕ್ಕ ದಾರ ಪೋಣಿಸಿಕೊಂಡು ಹಾಳೆ ಹೊಲಿಯುತ್ತಿದ್ದಳು. ನಡುವೆ ಅಂಟಣ್ಣನ ಮೇಜು. ಆ ತುದಿಗೆ ಕಟಿಂಗ್ ಮಾವನ ಯಂತ್ರ. ಅದು ಕಟಕ್ಕೆಂದರೆ ಒಂದು ಅಟ್ಟಿ ಪುಸ್ತಕದ ಅಂಚು ಬೆಣ್ಣೆಯ ಹಾಗೆ ಉದುರುತ್ತಿತ್ತು. ಇವರೆಲ್ಲರ ಮೇಲೆ ಮೇಸ್ತ್ರಿ.

ಅಲ್ಲಿ ಒಂದು ಪದ್ಧತಿಯಿತ್ತು. ಸಂಜೆ ಬಾಗಿಲು ಹಾಕುವ ಮುಂಚೆ ಯಜಮಾನರು ಹಾಲಿನ ಉದ್ದಕ್ಕೂ ಒಂದು ಸುತ್ತು ಬರುತ್ತಿದ್ದರು. ಪುಸ್ತಕ ಎಣಿಸುವ ತಾಳ್ಮೆ ಅವರಿಗಿರಲಿಲ್ಲ. ಮೇಜುಗಳ ಮೇಲಿನ ಅಟ್ಟಿಗಳ ಎತ್ತರವನ್ನು ಕಣ್ಣಳತೆಯಲ್ಲೇ ನೋಡಿ, ಯಾರದು ಗಿಡ್ಡವಾಗಿದೆಯೋ ಅವರಿಗೆ ಮಂಗಳಾರತಿ ಮಾಡುತ್ತಿದ್ದರು. ಹಾಗಾಗಿ ಅವರು ಬರುವ ಮುಂಚೆ ಎತ್ತರದ ಅಟ್ಟಿಯವರು ಗಿಡ್ಡ ಅಟ್ಟಿಯವರ ಮೇಜಿಗೆ ನಾಲ್ಕು ಪುಸ್ತಕ ಜಾರಿಸಿಬಿಡುತ್ತಿದ್ದರು. ಕೊನೆಗೆ ಮೇಸ್ತ್ರಿ ಬಂದು, ಇಲ್ಲಿಂದ ಎರಡು ಅಲ್ಲಿಗೆ, ಅಲ್ಲಿಂದ ಒಂದು ಇಲ್ಲಿಗೆ ಇಟ್ಟು, ಅಂಗೈಯಿಂದ ತಟ್ಟಿ, ಎಲ್ಲ ಅಟ್ಟಿಗಳನ್ನೂ ಒಂದೇ ಮಟ್ಟಕ್ಕೆ ತರುತ್ತಿದ್ದ. ಕೊಟ್ಟವರು ಹೇಳುವುದಿಲ್ಲ, ಪಡೆದವರು ಕೇಳುವುದಿಲ್ಲ. ಕೇಳಿದರೆ ಅವಮಾನ. ಅಂಟಣ್ಣನ ಸೊಂಟ ಹಿಡಿದ ದಿನಗಳಲ್ಲೆಲ್ಲ ಅವನ ಮಾನ ಉಳಿಸಿದ್ದು ಈ ಪದ್ಧತಿಯೇ.

ಅಂಟಣ್ಣ ತನ್ನ ಕ್ಯಾನನ್ನು ಹಿಂದುಗಡೆ ಶೌಚಾಲಯದ ಪಕ್ಕ, ಕತ್ತರಿಸಿದ ಕಾಗದದ ಮೂಟೆಗಳ ಮರೆಯಲ್ಲಿ ಇಟ್ಟ. ಅಲ್ಲಿ ತಂಪಾಗಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬೀಳದೆ ಇದ್ದದ್ದು ಮಧ್ಯಾಹ್ನ ಹತ್ತಿರವಾಗುವ ತನಕ ಮಾತ್ರ. ಒಂದಕ್ಕೆ ಹೋಗುವವನು ಕೈ ಬೀಸಿಕೊಂಡು ಹೋಗಬೇಕೇ ಹೊರತು, ಏನನ್ನೋ ಬಟ್ಟೆಯಲ್ಲಿ ಸುತ್ತಿಕೊಂಡು ಗೋಡೆಗೆ ಅಂಟಿಕೊಂಡು ಹೋಗುವುದೇಕೆ? ಮೇಸ್ತ್ರಿಗೆ ಅನುಮಾನ ಬಂತು. ಅಂಟು ತುಂಬಿ ಬರುವುದೂ ಅಂಥದೇ ಬಿಳಿ ಕ್ಯಾನಿನಲ್ಲಿ.

ಅಂಟಣ್ಣ ಹೊರಗೆ ಬರುವಾಗ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ.

"ಇಷ್ಟು ವರ್ಷ ಒಂದು ಹಾಳೆ ಮುಟ್ಟಿದವನಲ್ಲ ನೀನು. ಈಗ ಅಂಟು ಕದಿಯೋ ಬುದ್ಧಿ ಯಾಕೆ ಬಂತೋ?"

ಅಂಟಣ್ಣ ಬೇಡ ಬೇಡ ಎನ್ನುವಷ್ಟರಲ್ಲಿ ಮೇಸ್ತ್ರಿ ಮುಚ್ಚಳ ತಿರುಗಿಸಿ ಮೂಗು ಇಟ್ಟ. ಮೂವತ್ತು ವರ್ಷ ಅಂಟಿನ ಗಬ್ಬು ಸಹಿಸಿದ ಮೂಗು ಕೂಡ ಒಂದು ಮಾರು ಹಿಂದಕ್ಕೆ ಹಾರಿತು. ಗಲಾಟೆಗೆ ಹೊಲಿಗೆಯಕ್ಕ ಸೂಜಿ ಕಚ್ಚಿಕೊಂಡೇ ಓಡಿಬಂದಳು. ಕಟಿಂಗ್ ಮಾವ ಯಂತ್ರ ನಿಲ್ಲಿಸಿ ಬಂದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅಂಟಣ್ಣ ಕಾಲುಚೀಲದಿಂದ ಹಿಡಿದು ಜರಡಿಯವರೆಗೆ ಎಲ್ಲವನ್ನೂ ಹೇಳಿದ. ಈ ಪರೀಕ್ಷೆಯಲ್ಲಿ ಏನು ಬರುತ್ತದೋ ಎಂದು ರಾತ್ರಿಯಿಡೀ ನಿದ್ದೆ ಬಂದಿಲ್ಲ ಎಂದೂ ಹೇಳಿಕೊಂಡ.

ಮೂವರೂ ಕರಗಿದರು. ಕರಗಿದ ಮೇಲೆ ಉಪದೇಶ ಹರಿಯದೆ ಇರುತ್ತದೆಯೇ? ನೀರು ಜಾಸ್ತಿ ಕುಡಿಯಬೇಕು ಎಂದಳು ಅಕ್ಕ. ನೀರು ಕುಡಿದರೆ ಕಿಡ್ನಿಗೆ ಭಾರ, ಕುಡಿಯಲೇಬಾರದು ಎಂದ ಮಾವ. ತನ್ನ ಅಂಗಿಯ ಜೇಬಿನಲ್ಲಿ ಒಳ್ಳೆಯ ನೋವಿನ ಮಾತ್ರೆ ಇದೆ, ಒಂದು ಹಾಕಿಕೊಂಡರೆ ಮನಸ್ಸಿಗೂ ಧೈರ್ಯ ಬರುತ್ತದೆ ಎಂದು ಸೇರಿಸಿದ. ಕಿಡ್ನಿ ಹಾಳು ಮಾಡಿದ್ದರಲ್ಲಿ ಅದರದ್ದೂ ಪಾಲಿದೆಯಂತೆ ಮಾವ ಎಂದು ಅಂಟಣ್ಣ ಕೈಮುಗಿದ.

ಮೇಸ್ತ್ರಿ ಮಾತ್ರ ಕ್ಯಾನಿನ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದ. ಐದರ ಗೆರೆ ಎಲ್ಲೋ ಮೇಲಿತ್ತು, ಅಂಟಣ್ಣನ ಸಂಪಾದನೆ ಒಂದನ್ನೂ ಮುಟ್ಟಿರಲಿಲ್ಲ. ಮೇಸ್ತ್ರಿಯ ಮುಖ ಸಂಜೆಯ ಗಿಡ್ಡ ಅಟ್ಟಿ ಕಂಡಾಗಿನ ಮುಖವಾಯಿತು.

"ಅರ್ಧ ದಿನ ಹೋಯ್ತಲ್ಲೋ ಅಂಟಣ್ಣ, ಇನ್ನೂ ಒಂದೂ ಆಗಿಲ್ಲ."

ನಾಳೆ ಬೆಳಗಿನ ತನಕ ಸಮಯವಿದೆ ಎಂದ ಅಂಟಣ್ಣ. ಮೇಸ್ತ್ರಿ ನಿಟ್ಟುಸಿರು ಬಿಟ್ಟು, ಹೊಲಿಗೆಯಕ್ಕನ ಕಡೆಗೂ ಕಟಿಂಗ್ ಮಾವನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ, ಹೋಗಿ ಕೆಲಸ ನೋಡಿ ಎಂದ.

ಊಟವಾದ ಮೇಲೆ ಅಂಟಣ್ಣ ಮತ್ತೆ ಕ್ಯಾನಿನ ಬಳಿಗೆ ಹೋದ. ಮುಚ್ಚಳ ತೆಗೆದವನು ಬೆಚ್ಚಿದ. ಮಟ್ಟ ಒಂದೂವರೆ ದಾಟಿತ್ತು. ಬೆಳಗಿನಿಂದ ಇಷ್ಟು ಹೋಗಿದ್ದೇನೆಯೇ ಎಂದು ಯೋಚಿಸಿದ. ಅಕ್ಕ ಹಟ ಹಿಡಿದು ಕುಡಿಸಿದ ನೀರಿನ ಪ್ರಭಾವ ಇರಬೇಕು ಎಂದು ಸಮಾಧಾನ ಮಾಡಿಕೊಂಡ. ಚಹಾದ ಹೊತ್ತಿಗೆ ಹೋದಾಗ ಎರಡೂವರೆಯ ಗೆರೆ ಮುಳುಗಿತ್ತು.

ಸೋರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ಇದನ್ನೇ. ಜರಡಿ ಪೂರ್ತಿ ಹರಿದುಹೋಗಿದೆ. ತನಗೇ ಗೊತ್ತಿಲ್ಲದಂತೆ, ಸದ್ದಿಲ್ಲದೆ, ನೋವಿಲ್ಲದೆ, ನಲ್ಲಿ ಬಿಟ್ಟ ಹಾಗೆ ಸುರಿದುಹೋಗುತ್ತಿದೆ. ಅಂಟಣ್ಣ ಅಲ್ಲಿಂದ ಒಂದು ಗುಟುಕು ನೀರೂ ಮುಟ್ಟಲಿಲ್ಲ. ನಾಲಿಗೆ ಒಣಗಿ ಅಂಗುಳಿಗೆ ಅಂಟಿತು. ಆದರೂ ಸಂಜೆಯ ಹೊತ್ತಿಗೆ ಕ್ಯಾನು ನಾಲ್ಕರ ಹತ್ತಿರ ಬಂದು ನಿಂತಿತ್ತು. ಅವನು ಮೂಟೆಯ ಮೇಲೆ ಕುಸಿದು ಕೂತು ಹೆಂಡತಿಯನ್ನು ನೆನೆಸಿಕೊಂಡ. ಇನ್ನೂ ಕಟ್ಟದ ಕರೆಂಟ್ ಬಿಲ್ಲಿನಿಂದ ಹಿಡಿದು ಅವಳಿಗೆ ಒಂದು ದಿನವೂ ಹೇಳದ ಒಳ್ಳೆಯ ಮಾತಿನವರೆಗೆ ಎಲ್ಲವೂ ನೆನಪಾಗಿ ಕಣ್ಣು ತುಂಬಿತು. ಆ ದಿನ ಕಟಿಂಗ್ ಮಾವ ಎಂದೂ ಇಲ್ಲದಂತೆ ಚಹಾದ ಮೇಲೆ ಚಹಾ ಕುಡಿಯುತ್ತಿದ್ದದ್ದಾಗಲಿ, ಮೇಸ್ತ್ರಿ ಹಿಂದುಗಡೆಯಿಂದ ಹಗುರಾದ ಹೆಜ್ಜೆಯಲ್ಲಿ ಬರುತ್ತಿದ್ದದ್ದಾಗಲಿ ಅವನ ಗಮನಕ್ಕೆ ಬರಲಿಲ್ಲ. ಹೊರಡುವಾಗ ಹೊಲಿಗೆಯಕ್ಕ ಧೈರ್ಯವಾಗಿರು, ಎಲ್ಲಾ ಸರಿಹೋಗುತ್ತೆ ಎಂದು ಬೆನ್ನು ತಟ್ಟಿದಳು. ಸಾಯುವವರಿಗೆ ಹೇಳುವ ಮಾತಿನ ಹಾಗೆ ಅವನಿಗೆ ಕೇಳಿಸಿತು.

ಭಾರದ ಚೀಲ ಎದೆಗವಚಿಕೊಂಡು ಬೀದಿಗೆ ಬಂದರೆ ಮೇಷ್ಟ್ರು ಗೇಟಿನಲ್ಲಿ ತೊಳೆದ ಬಾಟಲಿ ಹಿಡಿದು ಕಾಯುತ್ತಿದ್ದಾರೆ. ಜೊತೆಗೆ ಒಂದು ಲಾಳಿಕೆಯೂ ಇತ್ತು. ಚೀಲದ ಬಟ್ಟೆ ಸರಿಸಿ ಕ್ಯಾನನ್ನು ಬೆಳಕಿಗೆ ನೋಡಿ, ಬಣ್ಣ ಚೆನ್ನಾಗಿದೆ, ಅಪ್ಪಟ ಗಾಣದ್ದೇ ಎಂದು ಮೆಚ್ಚಿದರು. ಅಂಟಣ್ಣ ಕೊಡುವುದಿಲ್ಲ ಎಂದ. ಒಂದೇ ಬಾಟಲಿ ಎಂದರು. ಅರ್ಧ ಎಂದರು. ಕೊನೆಗೆ, ರುಚಿಗೆ ಎರಡು ಚಮಚವಾದರೂ ಎಂದರು. ಅಂಟಣ್ಣ ಚೀಲ ಕಿತ್ತುಕೊಂಡು ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡ.

"ಇಷ್ಟು ಎಣ್ಣೆ ಒಬ್ಬನೇ ತಿಂದ್ರೆ ಬಿಪಿ ಬರದೆ ಇನ್ನೇನು ಬರುತ್ತೆ," ಎಂದು ಮೇಷ್ಟ್ರು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು.

ಬೆಳಿಗ್ಗೆ ಕೊನೆಯ ಕಂತು ಸೇರಿಸಿ ಕ್ಯಾನನ್ನು ಲ್ಯಾಬಿಗೆ ಮುಟ್ಟಿಸಿದ್ದಾಯಿತು. ಸಂಜೆ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ರಿಪೋರ್ಟನ್ನು ಒಮ್ಮೆ, ಅಂಟಣ್ಣನನ್ನು ಒಮ್ಮೆ, ಹೀಗೆ ಬಹಳ ಹೊತ್ತು ನೋಡಿದರು.

"ಇದರಲ್ಲಿ ಸಕ್ಕರೆ ಇದೆ. ನಿಮಗೆ ಸಕ್ಕರೆ ಕಾಯಿಲೆ ಇಲ್ಲ. ಪ್ರೋಟೀನು ಬೇಕಾದಷ್ಟಿದೆ. ಇರಲಿ. ಆದ್ರೆ ಒಬ್ಬ ಮನುಷ್ಯನ ಮೈಯಿಂದ ಒಂದು ದಿನಕ್ಕೆ ಇಷ್ಟೇ ಕ್ರಿಯಾಟಿನಿನ್ ಅನ್ನೋ ಕಸ ಹೊರಗೆ ಬರೋದು ಅಂತ ಒಂದು ಲೆಕ್ಕ ಇರುತ್ತೆ. ಆ ಲೆಕ್ಕದಲ್ಲಿ ಇದು ಒಂದೋ ಆನೇದು, ಇಲ್ಲಾ ಮೂರು ನಾಲ್ಕು ಜನರದ್ದು."

ಹೆಂಡತಿ ಗಂಡನ ಕಡೆ ನಿಧಾನವಾಗಿ ತಿರುಗಿದಳು. ಯಾರದ್ದು ಎಂದು ಅವಳು ಕೇಳಿದ ರೀತಿಗೆ ಅಂಟಣ್ಣನಿಗೆ ಕಿಡ್ನಿಯ ಚಿಂತೆಯೇ ಮರೆತುಹೋಯಿತು.

ಮರುದಿನ ಅವನು ಕಾರ್ಖಾನೆಯ ನಡುವೆ ನಿಂತು ಯಾರು ಎಂದು ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಿಕೊಳ್ಳುವ ಹಾಗೆ ಮೂವರೂ ಒಟ್ಟಿಗೇ ತಲೆ ತಗ್ಗಿಸಿದರು. ಹೊಲಿಗೆಯಕ್ಕ ದಾರ ಕಚ್ಚುವ ನೆವದಲ್ಲಿ ಮುಖ ಮರೆಸಿಕೊಂಡಳು. ಕೇಳಬಾರದ್ದನ್ನು ಕೇಳಿ ಪದ್ಧತಿ ಮುರಿದನಲ್ಲ ಎಂದು ಮೇಸ್ತ್ರಿಗೆ ಬೇಸರವೂ ಆಗಿತ್ತು.

"ಐದು ಲೀಟರ್ ಟಾರ್ಗೆಟ್ ಕೊಟ್ಟಿದ್ದಾರೆ, ಪಾಪ, ಒಬ್ಬನ ಕೈಲಿ ಎಲ್ಲಾಗುತ್ತೆ ಅನ್ಕೊಂಡೆ. ಹನಿ ಹನಿಗೂಡಿದ್ರೆ ಹಳ್ಳ ಅಂತಾರಲ್ಲ. ಮೂವರೂ ನಮ್ಮ ಕೈಲಾದಷ್ಟು ಹಾಕಿದ್ವಿ."

ಅಂಟಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಜರಡಿ ಪೂರ್ತಿ ಹರಿದಿಲ್ಲ ಎಂದು ಜೀವ ಬಂದ ಹಾಗಾಯಿತು. ಎಷ್ಟು ಹರಿದಿದೆ ಎಂಬುದು ಮಾತ್ರ ಇನ್ನೂ ಗೊತ್ತಿಲ್ಲ ಎಂದು ಬಂದ ಜೀವ ಹೋದ ಹಾಗೂ ಆಯಿತು.

ವಿಷಯ ತಿಳಿದ ಡಾಕ್ಟರಮ್ಮ ಮೂವರನ್ನೂ ಕರೆಸಿದರು. ಸಕ್ಕರೆ ಕಟಿಂಗ್ ಮಾವನದು ಎಂದು ಬೆರಳು ಚುಚ್ಚಿದ ಕೂಡಲೇ ಗೊತ್ತಾಯಿತು. ಜೀವಮಾನದಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳದ ಮೇಸ್ತ್ರಿಯ ಬಿಪಿ ಅಂಟಣ್ಣನದನ್ನೂ ಮೀರಿಸಿತ್ತು. ಹೊಲಿಗೆಯಕ್ಕನದೂ ಮಾವನದೂ ಗಡಿ ದಾಟಿತ್ತು. ತಲೆ ನೋವಿಲ್ಲ, ಸುತ್ತಿಲ್ಲ, ನಮಗೆಲ್ಲಿಯ ಬಿಪಿ ಎಂದು ಮೂವರೂ ವಾದಿಸಿದರು. ಅಂಟಣ್ಣನಿಗೆ ತನ್ನದೇ ಹಳೆಯ ಮಾತು ಮೂರು ಬಾಯಲ್ಲಿ ಕೇಳಿಸಿತು. ಪ್ರೋಟೀನು ನಾಲ್ವರಲ್ಲಿ ಯಾರದು ಎಂದು ತಿಳಿಯಲು ಒಂದೇ ದಾರಿ ಇತ್ತು. ಡಾಕ್ಟರಮ್ಮ ಎಲ್ಲರಿಗೂ ಮಾತ್ರೆ ಬರೆದು, ಒಂದು ವಾರ ತಪ್ಪದೆ ನುಂಗಿ ಎಂದರು. ಆಮೇಲೆ ಒಳಗಿನಿಂದ ನಾಲ್ಕು ಕ್ಯಾನು ತರಿಸಿ, ಒಂದೊಂದರ ಮೇಲೂ ದಪ್ಪಕ್ಷರದಲ್ಲಿ ಹೆಸರು ಬರೆದರು. ಎಷ್ಟು ತುಂಬುತ್ತದೆ ಎನ್ನುವುದು ಮುಖ್ಯವಲ್ಲ, ಇದು ಟಾರ್ಗೆಟ್ ಅಲ್ಲ, ಯಾರೂ ತಮ್ಮದನ್ನು ಇನ್ನೊಬ್ಬರ ಕ್ಯಾನಿಗೆ ಹಾಕುವಂತಿಲ್ಲ ಎಂದು ಒಬ್ಬೊಬ್ಬರ ಕೈಲೂ ಆಣೆ ಹಾಕಿಸಿಕೊಂಡರು.

ವಾರ ಕಳೆದು ಆ ದಿನ ಬಂತು. ಹಿಂದುಗಡೆಯ ಹಲಗೆಯ ಮೇಲೆ ನಾಲ್ಕು ಕ್ಯಾನುಗಳು ಸಾಲಾಗಿ ಕೂತವು. ಮೂವರೂ ಆಣೆಗೆ ತಕ್ಕಂತೆ ನಡೆದುಕೊಂಡರು. ಅಂಟಣ್ಣ ಒಂದು ವಾರದಿಂದ ಮಾತ್ರೆ ತಪ್ಪಿಸಿರಲಿಲ್ಲ, ಉಪ್ಪಿನ ಡಬ್ಬಿ ಮುಟ್ಟಿರಲಿಲ್ಲ, ಸೊಂಟ ನೋವಿಗೆ ಹೆಂಡತಿ ಬಿಸಿನೀರಿನ ಶಾಖ ಕೊಡುತ್ತಿದ್ದಳು. ಕಾಲುಚೀಲದ ಗುರುತೂ ತೆಳುವಾಗಿತ್ತು. ದಿನವಿಡೀ ಅವನ ಕ್ಯಾನು ಎಷ್ಟು ಬೇಕೋ ಅಷ್ಟೇ ಏರಿತು. ನಾಳೆ ಸಂಜೆಯೊಳಗೆ ತನ್ನ ಹಣೆಬರಹ ತಿಳಿಯುತ್ತದೆ, ಏನಿದ್ದರೂ ಎದುರಿಸೋಣ ಎಂದು ಅವನು ಗಟ್ಟಿಯಾಗಿದ್ದ.

ಸಂಜೆ ಯಜಮಾನರ ಸುತ್ತು ಮುಗಿಯಿತು. ಅಟ್ಟಿಗಳೆಲ್ಲ ಸಮವಾಗಿದ್ದವು, ಯಾರಿಗೂ ಮಂಗಳಾರತಿಯಾಗಲಿಲ್ಲ. ಅಂಟಣ್ಣ ಕ್ಯಾನು ತೆಗೆದುಕೊಳ್ಳಲು ಹಿಂದುಗಡೆ ಹೋದ.

ಹಲಗೆಯ ಮೇಲೆ ನಾಲ್ಕೂ ಕ್ಯಾನುಗಳು ತಮ್ಮ ತಮ್ಮ ಹೆಸರು ಹೊತ್ತು ನಿಂತಿದ್ದವು. ನಾಲ್ಕರ ಮಟ್ಟವೂ ಒಂದೇ. ಅಡಿಕೋಲು ಇಟ್ಟು ಗೆರೆ ಎಳೆದ ಹಾಗೆ. ಪಕ್ಕದಲ್ಲಿ ಮೇಸ್ತ್ರಿ ಮುಚ್ಚಳಗಳ ಮೇಲೆ ಅಂಗೈಯಿಂದ ತಟ್ಟುತ್ತ, ತಲೆ ಓರೆ ಮಾಡಿ ಸಾಲು ನೋಡುತ್ತಿದ್ದ.

ಅಂಟಣ್ಣನ ಮುಖ ಕಂಡು ಅವನೇ ಮಾತು ಶುರು ಮಾಡಿದ.

"ನಂದು ಒಂದು ತೊಟ್ಟೂ ಯಾರಿಗೂ ಹಾಕಿಲ್ಲ ಕಣೋ, ಆಣೆ ಮುರಿದಿಲ್ಲ. ಯಜಮಾನರು ಬರೋ ಹೊತ್ತಾಗಿತ್ತು. ಮಾವಂದು ಎತ್ತರ, ನಿಂದು ನಡುವೆ, ಅಕ್ಕಂದು ಅಷ್ಟು ಗಿಡ್ಡ. ನೋಡಕ್ಕಾಗ್ಲಿಲ್ಲ. ಕೈ ತಾನಾಗೇ ಹೋಯ್ತು. ಇದ್ದದ್ದನ್ನೇ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾಕಿ ಸಮ ಮಾಡ್ದೆ, ಅಷ್ಟೇ."

ಅಂಟಣ್ಣ ಜೀವಮಾನದಲ್ಲಿ ಮೊದಲ ಸಲ ಕೂಗಾಡಿದ. ಕಾಗದದ ಮೂಟೆಗಳು ಅದುರುವಂತೆ ಕೂಗಾಡಿದ. ಕಟಿಂಗ್ ಮಾವ ಯಂತ್ರ ನಿಲ್ಲಿಸಿ ಬಂದ, ಹೊಲಿಗೆಯಕ್ಕ ಸೂಜಿ ಕಚ್ಚಿಕೊಂಡೇ ಬಂದಳು, ಯಜಮಾನರೂ ಅರ್ಧ ದಾರಿಯಿಂದ ವಾಪಸು ಬಂದರು.

ಮರುದಿನ ಡಾಕ್ಟರಮ್ಮ ನಾಲ್ಕೂ ಕ್ಯಾನುಗಳನ್ನು ಬಚ್ಚಲಿಗೆ ಸುರಿಸಿ, ಹೊಸ ನಾಲ್ಕು ತರಿಸಿದರು. ಬಂದದ್ದು ಬಂದಿದ್ದೀರಿ ಎಂದು ಎಲ್ಲರ ತೋಳಿಗೂ ಪಟ್ಟಿ ಸುತ್ತಿದರು. ಒಂದು ವಾರ ತಪ್ಪದೆ ಮಾತ್ರೆ ನುಂಗಿದ್ದ ಮೇಸ್ತ್ರಿ, ಮಾವ, ಅಕ್ಕ, ಮೂವರ ಬಿಪಿಯೂ ಹತೋಟಿಗೆ ಬಂದಿತ್ತು. ಅವರಷ್ಟೇ ನೇಮದಿಂದ ನುಂಗಿದ್ದ ಅಂಟಣ್ಣನದು ಮಾತ್ರ ಮೂವರನ್ನೂ ಮೀರಿ ಮೇಲೆ ಕೂತಿತ್ತು. ಮೇಸ್ತ್ರಿ ಆ ಅಂಕಿಯನ್ನು ಬಹಳ ಹೊತ್ತು ಮರುಕದಿಂದ ನೋಡಿದ. ಸಮ ಮಾಡಲು ಅವನಿಗೆ ಯಾವ ದಾರಿಯೂ ಕಾಣಲಿಲ್ಲ.